ಉಡಿಯ ಮೋಸಂಬಿ

ಹಣ್ಣಿನ ವ್ಯಾಪಾರಿಯ ಮಕ್ಕಳು ಹಣ್ಣು ತಿಂದೇ ಬೆಳೆದಿರುತ್ತಾರೆ ಎಂದು ಯಾರಾದರೂ ಅಂದರೆ ನನಗೆ ಈಗಲೂ ನಗು ಬರುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಹದಿನೈದು ವರ್ಷ ತುಂಬುವವರೆಗೆ ನಾನು ಒಂದು ಇಡೀ ಹಣ್ಣನ್ನು ಕೈಯಲ್ಲಿ ಹಿಡಿದು ಕಚ್ಚಿದವಳಲ್ಲ. ಇಡೀ ಹಣ್ಣು ಅಂಗಡಿಗೆ, ದೇವರಿಗೆ, ಮನೆಗೆ ಬಂದ ನೆಂಟರಿಗೆ. ನಮಗೆ ಡಾಗಿ. ಕಲೆ ಬಿದ್ದದ್ದು, ಮೆತ್ತಗಾದದ್ದು, ಇನ್ನೊಂದು ದಿನ ಇಟ್ಟರೆ ಯಾರೂ ಮುಟ್ಟದಂಥದ್ದು, ಇವಕ್ಕೆಲ್ಲ ಅಪ್ಪನ ಹಣ್ಣಿನ ಮಂಡಿಯಲ್ಲಿ ಡಾಗಿ ಎಂದು ಒಂದೇ ಹೆಸರು. ಅಪ್ಪ ಸಂಜೆ ಮಂಡಿ ಮುಚ್ಚಿ ಬರುವಾಗ ಸ್ಕೂಟರಿನ ಮುಂದೆ ಗೋಣಿಚೀಲದಲ್ಲಿ ಅದನ್ನು ತರುತ್ತಿದ್ದ. ಅವ್ವ ಹಿತ್ತಲ ಕಟ್ಟೆಯ ಮೇಲೆ ಈಳಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಕೆಟ್ಟದ್ದನ್ನು ಕೆತ್ತಿ ಒಂದು ತಟ್ಟೆಗೆ, ಉಳಿದದ್ದನ್ನು ಇನ್ನೊಂದು ತಟ್ಟೆಗೆ. ಸ್ಟೀಲಿನ ತಟ್ಟೆ ನಮಗೆ. ಚಕ್ಕೆ ಎದ್ದ ಬಿಳಿ ಪಿಂಗಾಣಿ ತಟ್ಟೆ ತಿಪ್ಪೆಗೆ. ಸೇಬು ಯಾವ ಆಕಾರದಲ್ಲಿರುತ್ತದೆ ಎಂಬುದನ್ನು ನಾನು ಶಾಲೆಯ ಪಾಠದ ಚಿತ್ರದಲ್ಲಿ ನೋಡಿ ತಿಳಿದುಕೊಂಡೆನೇ ಹೊರತು ನಮ್ಮ ಊಟದ ಮನೆಯಲ್ಲಿ ಅಲ್ಲ.

ನನ್ನ ಅಕ್ಕ ಗಿರಿಜಾ ಸ್ಟೀಲಿನ ತಟ್ಟೆಯ ಮುಂದೆ ಕೂತರೆ ನಾನು ಪಿಂಗಾಣಿ ತಟ್ಟೆಯ ಮುಂದೆ ಕೂರುತ್ತಿದ್ದೆ. ತಿನ್ನಲಿಕ್ಕಲ್ಲ, ನೋಡಲಿಕ್ಕೆ. ಪಪ್ಪಾಯಿಯ ಸಿಪ್ಪೆಯ ಮೇಲೆ ಕಪ್ಪು ಚುಕ್ಕಿಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ ಒಂದು ಸಣ್ಣ ಕೇಸರಿ ಗೆರೆ ಉಳಿದಿರುತ್ತಿತ್ತು. ಚಿಕ್ಕು ಒಡೆದ ಕಡೆ ಜೇನಿನ ಬಣ್ಣದ ನೀರು ಕೂತಿರುತ್ತಿತ್ತು. ಮೋಸಂಬಿಗೆ ಬೂಷ್ಟು ಹಿಡಿಯುವುದಂತೂ ಒಂದು ದೊಡ್ಡ ಸಂಭ್ರಮ: ಮೊದಲು ಬಿಳಿ ಬಳೆ, ಆಮೇಲೆ ಅದರ ನಡುವೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ಪುಡಿ. ಆ ಬಣ್ಣ ನನ್ನ ಹನ್ನೆರಡು ಬಣ್ಣದ ಡಬ್ಬಿಯಲ್ಲಿ ಇರಲಿಲ್ಲ. ನೀಲಿಗೆ ಹಸಿರು, ಹಸಿರಿಗೆ ಬಿಳಿ, ಬಿಳಿಗೆ ಚೂರು ಬೂದಿ ಕಲಸಿ ಕಲಸಿ ಅಂಗಡಿಯ ಹಳೆಯ ಚೀಟಿಗಳ ಹಿಂದೆ ಬಳಿಯುತ್ತಿದ್ದೆ. ಸರಿ ಬರುತ್ತಿರಲಿಲ್ಲ. ಬರಲಿಲ್ಲ ಎಂದು ಅಳುತ್ತಿದ್ದೆ. ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಚಲೋ ಹಣ್ಣು ಸಿಗಲಿಲ್ಲ ಅಂತ ಅಳೋ ಮಕ್ಕಳನ್ನ ನೋಡೀನಿ. ಕೊಳೆತಿದ್ದು ಬರೆಯಾಕೆ ಬರಲಿಲ್ಲ ಅಂತ ಅಳೋದನ್ನ ನಿನ್ನ ಹಡೆದ ಮೇಲೇ ನೋಡಿದ್ದು, ತಾಯಿ."

ಅವ್ವ ಬೈದರೂ ಅದರಲ್ಲಿ ನಗು ಇರುತ್ತಿತ್ತು. ಅಪ್ಪನದು ಹಾಗಲ್ಲ. ಶಾಲೆಯಲ್ಲಿ ಹಣ್ಣಿನ ಬುಟ್ಟಿ ಬರೆಯಲು ಹೇಳಿದಾಗ ನಾನು ನಮ್ಮ ಮನೆಯ ಪಿಂಗಾಣಿ ತಟ್ಟೆಯನ್ನು ನೊಣದ ಸಮೇತ ಬರೆದೆ. ಚಿತ್ರದ ಪುಸ್ತಕದಲ್ಲಿ ಕೆಂಪು ಗೀಟು ಬಿತ್ತು, ಅಪ್ಪನ ಸಹಿ ಹಾಕಿಸಿಕೊಂಡು ಬಾ ಅಂದರು ಮೇಷ್ಟ್ರು. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ಇಡೀ ದಾವಣಗೆರೆಯಲ್ಲಿ ಕೊಳೆತ ಹಣ್ಣನ್ನು ಅವನಷ್ಟು ಬಲ್ಲವರು ಯಾರಿದ್ದರು? ನೋಡಿದ ಕೂಡಲೇ ಅವನಿಗೆ ಅದು ಎಷ್ಟು ದಿನದ ಮಾಲು ಎಂದು ಗೊತ್ತಾಗಿರಬೇಕು. ಅಷ್ಟು ಸರಿಯಾಗಿ ಬರೆದಿದ್ದೆ ಎಂಬ ಹೆಮ್ಮೆ ನನಗೆ. ಅವನಿಗೆ ಸಿಟ್ಟು ಬಂದದ್ದೂ ಅದಕ್ಕೇ.

"ಊರಿಗೆಲ್ಲ ಸಾರಾಕೆ ಹೊಂಟೀಯೇನು, ನಿಮ್ಮಪ್ಪ ಕೊಳೆತ ಮಾಲು ಮಾರ್ತಾನೆ ಅಂತ? ಅಂಗಡಿ ಮಾನ ಕಳೀಬ್ಯಾಡ. ಗ್ವಾಡಿ ಮ್ಯಾಲೆ ಐತಲ್ಲ, ಅದನ್ನ ನೋಡಿ ಬರಿ."

ಗೋಡೆಯ ಮೇಲಿದ್ದದ್ದು ಗಾಜು ಹಾಕಿಸಿದ ಒಂದು ಅಚ್ಚಿನ ಚಿತ್ರ. ಬುಟ್ಟಿಯಲ್ಲಿ ದ್ರಾಕ್ಷಿ, ಸೇಬು, ಅನಾನಸು, ನಮ್ಮ ಮಂಡಿಗೆ ಎಂದೂ ಬಾರದ ಯಾವುದೋ ಗುಲಾಬಿ ಹಣ್ಣು. ಎಲ್ಲಕ್ಕೂ ಎಣ್ಣೆ ಸವರಿದ ಹೊಳಪು. ನಾನು ಹುಟ್ಟುವ ಮುಂಚಿನಿಂದ ಅಲ್ಲೇ ಇತ್ತು, ಒಂದು ದ್ರಾಕ್ಷಿಯೂ ಬಾಡಿರಲಿಲ್ಲ. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹಣ್ಣು ಅಂದ ಮೇಲೆ ಅದಕ್ಕೊಂದು ನಾಳೆ ಇರಬೇಡವೇ? ಇದನ್ನೇ ಅಪ್ಪನ ಎದುರು ಅಂದೆ. ಬೆನ್ನಿಗೆ ಒಂದು ಬಿತ್ತು. ಆಮೇಲೂ ಗೋಡೆಯ ಚಿತ್ರವನ್ನು ನಾನು ಬರೆಯಲಿಲ್ಲ. ಕೆಂಪು ಗೀಟು ಹಾಗೇ ಉಳಿಯಿತು.

ಬೇಸಿಗೆ ರಜೆಗೆ, ದಸರೆ ರಜೆಗೆ ನನ್ನನ್ನು ಹರಿಹರಕ್ಕೆ ಕಳಿಸುತ್ತಿದ್ದರು. ಅಲ್ಲಿ ಅವ್ವನ ತಮ್ಮ ಮುರುಗೇಶ ಮಾವನ ಫೋಟೊ ಸ್ಟುಡಿಯೊ ಇತ್ತು. ಮುಂದೆ ಒಂದು ಗಾಜಿನ ಮೇಜು, ಹಿಂದೆ ಪರದೆ, ಪರದೆಯ ಮೇಲೆ ಬರೆದ ಜಲಪಾತ. ಜಲಪಾತದ ಪಕ್ಕದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ಕಿನ ಹಣ್ಣಿನ ಬುಟ್ಟಿ. ಹೆಣ್ಣು ತೋರಿಸುವ ಫೋಟೊಕ್ಕೆ ಬಂದ ಹುಡುಗಿಯರೆಲ್ಲ ಆ ಬುಟ್ಟಿಯ ಮೇಲೆ ಕೈ ಇಟ್ಟು ನಿಲ್ಲಬೇಕು. ವಾರಕ್ಕೊಮ್ಮೆ ಅದರ ಧೂಳು ಒರೆಸುವುದು ನನ್ನ ಕೆಲಸ. ನಾನು ಮುಖ ಸಿಂಡರಿಸಿಕೊಂಡು ಒರೆಸುವುದನ್ನು ನೋಡಿ ಮಾವ ನಗುತ್ತಿದ್ದ. ಮಾವ ಗಟ್ಟಿಯಾಗಿ ನಗುವ, ಗಟ್ಟಿಯಾಗಿ ಹೆದರುವ ಮನುಷ್ಯ. ಅವನ ಹತ್ತಿರ ಒಂದು ಹಳೆಯ ಕ್ಯಾಮೆರಾ ಇತ್ತು, ಎಲ್ಲವನ್ನೂ ಕೈಯಿಂದಲೇ ತಿರುಗಿಸಬೇಕಾದದ್ದು. ಹೊಸದು ಬಂದ ಮೇಲೆ ಅದು ಕಪಾಟಿನಲ್ಲಿ ಕೂತಿತ್ತು. ಹನ್ನೆರಡು ವರ್ಷದ ನಾನು ಅದಕ್ಕಾಗಿ ಅವನನ್ನು ಬಿಡದೆ ಕಾಡಿದೆ.

"ಏನ್ ತೆಗೀತಿ ಹೇಳು ಮೊದ್ಲು."

"ನಿಮ್ಮ ಹಿತ್ತಲಾಗ ಬಿದ್ದೈತಲ್ಲ ಮಾವ, ಸೀತಾಫಲ. ಇರುವೆ ಮುತ್ತಿಕೊಂಡಾವೆ."

"ಅಯ್ಯೋ ನನ್ನ ಶಿವನೆ! ರೋಲು ಏನು ಪುಗಸಟ್ಟೆ ಬರ್ತೈತೇನೇ?"

ಬೈದ. ಆದರೂ ಒಂದು ದಾರಿ ಮಾಡಿಕೊಟ್ಟ. ಮದುವೆಗೆ ಹೋದಾಗ ಮೂವತ್ತಾರು ಫೋಟೊದ ರೋಲಿನಲ್ಲಿ ಕೊನೆಗೆ ಎರಡೋ ಮೂರೋ ಉಳಿಯುತ್ತಿದ್ದವು. ಅವುಗಳನ್ನು ಮುಗಿಸಲು ಮಾವ ಬಸ್ ನಿಲ್ದಾಣವನ್ನೋ ತನ್ನ ಸ್ಕೂಟರನ್ನೋ ತೆಗೆದು ರೋಲು ಬಿಚ್ಚುತ್ತಿದ್ದ. ಈಗ ಕೊನೆಯ ರೋಲನ್ನು ಹಳೆಯ ಕ್ಯಾಮೆರಾಕ್ಕೆ ಹಾಕತೊಡಗಿದ, ಆ ಕೊನೆಯವು ನನ್ನವಾದವು. ಫ್ಲಾಷ್ ಹಾಕಬೇಡ, ಕಿಟಕಿಯ ಕಡೆ ಇಟ್ಟು ಕಾಯಿ, ಬೆಳಕು ತಾನೇ ಬಂದು ಕೂರುತ್ತದೆ ಎಂದು ಕಲಿಸಿದವನೂ ಅವನೇ. ಹೀಗೆ ಮೂರು ವರ್ಷ ಹರಿಹರದ ಎಷ್ಟೋ ಮದುವೆಗಳ ಕೊನೆಯಲ್ಲಿ ಒಂದು ಕೊಳೆತ ಪೇರಲ, ಒಂದು ಕಪ್ಪಾದ ಬಾಳೆ ಇರುತ್ತಿತ್ತು. ಲ್ಯಾಬಿನಿಂದ ಫೋಟೊ ಬಂದ ಕೂಡಲೇ ಮಾವ ನನ್ನವನ್ನು ಎತ್ತಿ ಬೇರೆ ಲಕೋಟೆಗೆ ಹಾಕಿ, ಉಳಿದವನ್ನು ಅಲ್ಬಮ್ಮಿಗೆ ತುಂಬುತ್ತಿದ್ದ. ಅವನಿಗೆ ಅವು ಇಷ್ಟವಾಗುತ್ತಿದ್ದವೋ ಇಲ್ಲವೋ ನಾನು ಕೇಳಲಿಲ್ಲ. ಕೇಳಿದರೆ ಕೊಡುವುದನ್ನು ನಿಲ್ಲಿಸಿಯಾನು ಎಂಬ ಹೆದರಿಕೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಲೋಕದಲ್ಲಿ ಕೊಳೆತ ಹಣ್ಣಿನ ಫೋಟೊ ತೆಗೆಯುವ ರೂಢಿ ಮೊದಲೇ ಇತ್ತು. ನಾಗಪುರದಿಂದಲೋ ಅನಂತಪುರದಿಂದಲೋ ಬಂದ ಲಾರಿಯ ಮಾಲು ಕೆಟ್ಟಿದ್ದರೆ ಅಪ್ಪ ಹರಿಹರಕ್ಕೆ ಫೋನ್ ಮಾಡುತ್ತಿದ್ದ. ಮಾವ ಕ್ಯಾಮೆರಾ ತಗುಲಿಸಿಕೊಂಡು ಬಂದು ಒಡೆದ ಪೆಟ್ಟಿಗೆಗಳ, ಸೋರುವ ಹಣ್ಣುಗಳ ಫೋಟೊ ತೆಗೆಯುತ್ತಿದ್ದ. ಅಪ್ಪ ಅವನ್ನು ಮಾಲು ಕಳಿಸಿದವರಿಗೆ ಅಂಚೆಯಲ್ಲಿ ರವಾನಿಸುತ್ತಿದ್ದ. ಕಾಗದದಲ್ಲಿ ಹೆಚ್ಚು ಬರೆಯಬೇಕಾಗಿಯೇ ಇರಲಿಲ್ಲ. ಫೋಟೊ ತಲುಪಿತೆಂದರೆ ಅರ್ಥ ಒಂದೇ: ನೀವು ಕಳಿಸಿದ್ದು ಕೆಟ್ಟಿದೆ, ನಾವು ಒಪ್ಪುವುದಿಲ್ಲ. ಅಕ್ಕಿಯವರು, ಮೆಕ್ಕೆಜೋಳದವರು, ಮೆಣಸಿನಕಾಯಿಯವರು ಎಲ್ಲರೂ ಹೀಗೇ ಮಾಡುತ್ತಿದ್ದರು. ವ್ಯಾಪಾರದ ಮನೆಗಳಲ್ಲಿ ಇದು ಮಕ್ಕಳಿಗೂ ಗೊತ್ತಿತ್ತು.

ಗಿರಿಜಕ್ಕನ ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಆಯಿತು. ಹುಡುಗ ಹರಿಹರದ ಮಂಜುನಾಥ, ಅವನ ಅಪ್ಪ ವೀರಭದ್ರಪ್ಪನವರು ಮೆಕ್ಕೆಜೋಳದ ವ್ಯಾಪಾರಸ್ಥರು. ಅಕ್ಕನಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಟೈಲರ್ ಹತ್ತಿರ ಹೋಗುತ್ತೇನೆಂದು ಹೇಳಿ ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನ್ ಮಾಡುತ್ತಿದ್ದಳು, ಕಾವಲಿಗೆ ನಾನು. ಅವತ್ತು ಹುಡುಗನ ತಾಯಿ ಶಾಂತಮ್ಮನವರು ಅಕ್ಕನ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಐದು ಥರದ ಐದು ಹಣ್ಣು. ಪ್ರತಿ ಹಣ್ಣಿಗೂ ತಮ್ಮ ಬೆರಳಿಂದ ಕುಂಕುಮದ ಬೊಟ್ಟು ಇಟ್ಟು, ಸೆರಗಿಗೆ ಹಾಕಿದರು. ಉಡಿಯ ಹಣ್ಣನ್ನು ಹೊರಗೆ ಯಾರಿಗೂ ಕೊಡುವಂತಿಲ್ಲ, ಕೆಡಲು ಬಿಡುವಂತಿಲ್ಲ, ಮನೆಯ ಹೆಣ್ಣುಮಕ್ಕಳೇ ತಿಂದು ಮುಗಿಸಬೇಕು. ಅಕ್ಕ ಸೇಬು ಕಚ್ಚಿದಳು, ಬಾಳೆ ಸುಲಿದಳು, ದಾಳಿಂಬೆಯನ್ನೂ ಚಿಕ್ಕುವನ್ನೂ ಅವ್ವನ ಜೊತೆ ಹಂಚಿಕೊಂಡಳು. ಆಮೇಲೆ ಕೊನೆಯ ಮೋಸಂಬಿಯನ್ನು ನನ್ನ ಕೈಗೆ ಹಾಕಿದಳು.

"ತಗಾ ಶಶಿ. ಪೂರಾ ಹಣ್ಣು. ಕೆತ್ತಿಲ್ಲ, ಕೊರೆದಿಲ್ಲ. ಒಂದ್ಸಾರಿನಾರ ಹಿಂಗ ತಿನ್ನು."

ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಅಕ್ಕನ ಪ್ರೀತಿ ಹಾಗಿತ್ತು. ಆದರೆ ಹಣ್ಣನ್ನು ಕೈಯಲ್ಲಿ ತಿರುಗಿಸಿದಾಗ ಹಳದಿ ಸಿಪ್ಪೆಯ ಮೇಲೆ ಆ ಕೆಂಪು ಬೊಟ್ಟು ಕಂಡಿತು, ಬೊಟ್ಟಿನ ಪಕ್ಕದಲ್ಲೇ ಸಾಸಿವೆಯಷ್ಟು ಮೆತ್ತಗಿನ ಜಾಗ. ಅಲ್ಲಿಂದ ಬೂಷ್ಟು ಶುರುವಾಗುತ್ತದೆ ಎಂದು ನನಗೆ ಗೊತ್ತಾಯಿತು. ಕೆಂಪು, ಅದರ ಸುತ್ತ ಬಿಳಿ, ಬಿಳಿಯ ನಡುವೆ ಆ ಹೆಸರಿಲ್ಲದ ನೀಲಿ. ಮುಂದಿನ ಎರಡು ವಾರ ನನ್ನ ಕಣ್ಣ ಮುಂದೆಯೇ ಬಂದು ನಿಂತಿತು. ತಿನ್ನಲು ಆಗಲಿಲ್ಲ. ತಿಂದೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ.

ತಾರಸಿಯ ಮೆಟ್ಟಿಲ ಕೆಳಗೆ ಸೌದೆ ಇಡುವ ಗೂಡು ಇತ್ತು, ಗ್ಯಾಸು ಬಂದ ಮೇಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಒಂದು ಕೈಯಗಲದ ಬೆಳಕಿಂಡಿಯಿಂದ ಬೆಳಿಗ್ಗೆ ಎಂಟರ ಸುಮಾರಿಗೆ ಬಿಸಿಲು ಒಳಗೆ ಬೀಳುತ್ತಿತ್ತು. ಅಲ್ಲಿ ಪಿಂಗಾಣಿ ತಟ್ಟೆಯ ಮೇಲೆ ಮೋಸಂಬಿ ಇಟ್ಟೆ. ನಿಶ್ಚಿತಾರ್ಥದ ಎರಡನೆಯ ರೋಲಿನಲ್ಲಿ ನಾಲ್ಕು ಉಳಿದಿದ್ದವು. ಮದುವೆ ಇನ್ನೂ ಮೂರು ತಿಂಗಳಿತ್ತು, ಅಲ್ಬಮ್ಮಿಗೆ ಅವಸರವಿಲ್ಲ ಎಂದು ಮಾವ ಹಳೆಯ ಕ್ಯಾಮೆರಾವನ್ನು ರೋಲಿನ ಸಮೇತ ನನ್ನ ಹತ್ತಿರ ಬಿಟ್ಟು ಹೋಗಿದ್ದ. ನಾಲ್ಕೇ ನಾಲ್ಕು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಹೋಗಿ ನೋಡುತ್ತಿದ್ದೆ, ಕ್ಯಾಮೆರಾ ಕಣ್ಣಿಗೆ ಹಚ್ಚುತ್ತಿದ್ದೆ, ಇವತ್ತಲ್ಲ ಎಂದು ಇಳಿಸುತ್ತಿದ್ದೆ. ಬಿಳಿ ಬಳೆ ಮೂಡಿದ ದಿನ ಒಂದು. ನೀಲಿ ಪುಡಿ ಕೂತ ದಿನ ಒಂದು. ಹಣ್ಣು ಒಂದು ಕಡೆ ಕುಸಿದು ತಟ್ಟೆಗೆ ರಸ ಹರಿದ ದಿನ ಒಂದು. ಕೊನೆಯದನ್ನು ಅದು ಮುದುಡಿ ನಿಂಬೆಹಣ್ಣಿನಷ್ಟಾಗುವವರೆಗೆ ಕಾದು ತೆಗೆದೆ. ಕುಂಕುಮದ ಬೊಟ್ಟು ಮಾತ್ರ ಕೊನೆಯವರೆಗೂ ಅಲ್ಲಾಡಲಿಲ್ಲ. ಅಷ್ಟು ತಾಳ್ಮೆಯಿಂದ ನಾನು ಮೊದಲು ಏನನ್ನೂ ಮಾಡಿರಲಿಲ್ಲ. ಅಡುಗೆ ಕಲಿ, ಹೊಲಿಗೆ ಕಲಿ, ಒಂದು ಕಡೆ ಕೂರುವುದು ಕಲಿ ಎಂದು ಎಲ್ಲರೂ ಬೈದಿದ್ದರಲ್ಲ, ಬಂದು ನೋಡಬೇಕಿತ್ತು ನಾನು ಕೂತದ್ದನ್ನು.

ಮಾವ ಬಂದು ಕ್ಯಾಮೆರಾ ಒಯ್ದ. ಅದು ಸಾಲು ಮುಹೂರ್ತದ ಸಮಯ. ಒಂದು ವಾರದಲ್ಲಿ ನಾಲ್ಕು ಮದುವೆ ಒಪ್ಪಿಕೊಂಡು, ನಿದ್ದೆಗೆಟ್ಟು, ಲ್ಯಾಬಿನಿಂದ ಬಂದ ಫೋಟೊಗಳನ್ನು ಹಿಂದಿನ ನಂಬರು ನೋಡಿಕೊಂಡು ಪ್ಲಾಸ್ಟಿಕ್ಕಿನ ಹಾಳೆಗಳಿಗೆ ತೂರಿಸಿದ. ಫೋಟೊದ ಮುಖ ತಿರುಗಿಸಿ ನೋಡಲಿಲ್ಲ. ಅಲ್ಬಮ್ಮಿಗೆ ಜರಿ ಕಾಗದ ಸುತ್ತಿ, ತಾನೇ ಹೋಗಿ ವೀರಭದ್ರಪ್ಪನವರ ಮನೆಗೆ ಕೊಟ್ಟು, ಕಾಫಿ ಕುಡಿದು ಬಂದ. ಅಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ಹಾಳೆ ತಿರುವಿದರಂತೆ. ಉಂಗುರ, ಆರತಿ, ಉಡಿ ತುಂಬುವುದು, ಎರಡೂ ಕಡೆಯ ಹಿರಿಯರು ಸಾಲಾಗಿ ನಿಂತದ್ದು. ಆಮೇಲೆ ನನ್ನ ಮೋಸಂಬಿ, ಒಂದಾದ ಮೇಲೆ ಒಂದು, ನಾಲ್ಕು. ಅದೇ ಬೊಟ್ಟು. ಶಾಂತಮ್ಮನವರಿಗೆ ತಮ್ಮ ಕೈಯ ಬೊಟ್ಟು ಗೊತ್ತಾಗದೇ ಇರುತ್ತದೆಯೇ? ವೀರಭದ್ರಪ್ಪನವರು ಮರುದಿನ ಬೆಳಿಗ್ಗೆ ಮಂಡಿಗೆ ಫೋನ್ ಮಾಡಿ ನಾಳೆ ಬರುತ್ತೇವೆ, ಮಾತಾಡುವುದಿದೆ ಎಂದಷ್ಟೇ ಹೇಳಿ ಇಟ್ಟರು. ನಂತರ ಮಾವನಿಗೆ ಮಾಡಿ ಬಾಯಿ ತುಂಬ ಬೈದರು. ಹಾಗಾಗಿ ವಿಷಯ ನಮಗೆ ತಿಳಿಯಿತು.

ಅವರು ಬರುವ ದಿನ ಮಾವ ಮೊದಲ ಬಸ್ಸಿಗೇ ಬಂದಿಳಿದ. ಅಂಗಿ ಬೆವರಲ್ಲಿ ನೆಂದಿತ್ತು. ಅಡುಗೆಮನೆಯಲ್ಲಿ ಅಪ್ಪ, ಅವ್ವ, ಮಾವ ತಲೆಗೆ ತಲೆ ಕೊಟ್ಟು ನಿಂತರು. ನಾನು ಒಲೆಯ ಪಕ್ಕ ಗೋಡೆಗೆ ಅಂಟಿಕೊಂಡಿದ್ದೆ. ಅಪ್ಪನಿಗೆ ನನ್ನನ್ನು ಹೊಡೆಯಲೂ ಪುರುಸೊತ್ತಿರಲಿಲ್ಲ.

"ಅವ್ರು ತಿಳ್ಕಂಡಿರೋದು ಏನಂದ್ರೆ," ಮಾವ ಅಂದ, "ನಾವು ತುಂಬಿದ ಉಡಿ ಹಣ್ಣು ಕೊಳೆತಿತ್ತು ಅಂತ ಫೋಟೊ ಹೊಡೆಸಿ ಕಳಿಸ್ಯಾರೆ, ಮಂಡಿಯೋರ ಬುದ್ಧಿ ಬಿಡಲಿಲ್ಲ ಅಂತ."

"ಶಿವಶಿವಾ," ಅವ್ವ ಅಲ್ಲೇ ಕೂತಳು.

"ಅಕ್ಕಾ, ಹೆದರಬ್ಯಾಡ. ನಾ ಒಂದು ಹೇಳ್ತೀನಿ. ಲ್ಯಾಬಿನೋರು ಅದಲು ಬದಲು ಮಾಡ್ಯಾರೆ ಅನ್ನಾಣ. ಯಾವ್ದೋ ಮಂಡಿ ಲಾರಿ ಮಾಲಿನ ಫೋಟೊ ಇದ್ರಾಗ ಸೇರಿಬಿಟ್ಟಾವೆ. ನಮಗೂ ಅದಕ್ಕೂ ಸಂಬಂಧ ಇಲ್ಲ. ಮುಗೀತು."

ಬೊಟ್ಟಿನ ಮಾತು ಬಂದರೆ? ಎಲ್ಲ ಹಣ್ಣಿಗೂ ಎಲ್ಲರೂ ಬೊಟ್ಟು ಇಡುತ್ತಾರೆ, ಅಂಗಡಿ ಪೂಜೆಯ ಹಣ್ಣು ಅಂದರಾಯಿತು. ಅಪ್ಪ ಒಪ್ಪಿದ. ಯಾರಿಗೂ ನೋವಿಲ್ಲದ, ಯಾರ ಗಂಟೂ ಹೋಗದ ಸುಳ್ಳು. ನಾನು ಅಡುಗೆಮನೆಯಿಂದ ಹೊರಗೆ ಬರದಿದ್ದರೆ ಸಾಕು. ಗಿರಿಜಕ್ಕ ಅಷ್ಟು ಹೊತ್ತೂ ಬಾಗಿಲ ಹತ್ತಿರ ನಿಂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ತಿಂದೆ ಅಂದಿದ್ದೆಲ್ಲೇ ನನಗೆ? ನಾ ಏನು ಕೊಟ್ಟೆ, ನೀ ಏನು ಮಾಡ್ದೆ?"

ಅಕ್ಕನಿಗೆ ಸುಳ್ಳು ಹೇಳಿದ್ದು ತಪ್ಪು, ಅದನ್ನು ಅವತ್ತೇ ಒಪ್ಪಿಕೊಂಡಿದ್ದೇನೆ.

"ನನಗೆ ಅವ್ರು ಬೇಕು ಶಶಿ. ಒಂದೇ ಒಂದು ತಾಸು ಬಾಯಿ ಮುಚ್ಕಂಡಿರು. ಕೈ ಮುಗೀತೀನಿ."

ಹೂಂ ಅಂದೆ. ನಿಜವಾಗಿಯೂ ಬಾಯಿ ಮುಚ್ಚಿಕೊಂಡಿರಬೇಕೆಂದೇ ಹೂಂ ಅಂದಿದ್ದು.

ಬೀಗರು ಹನ್ನೊಂದಕ್ಕೆ ಬಂದರು. ಬರ್ರಿ, ಕೂಡ್ರಿ, ಬಿಸಿಲಾಗ ಬಂದೀರಿ ಎಂದು ಅಪ್ಪ ಬಾಗಿ ಬಾಗಿ ಕರೆದ. ಶಾಂತಮ್ಮನವರು ಅಲ್ಬಮ್ಮನ್ನು ಮಡಿಲಲ್ಲಿ ಇಟ್ಟುಕೊಂಡು ಸೋಫಾದ ಅಂಚಿಗೆ ಕೂತರು, ನೀರು ಮುಟ್ಟಲಿಲ್ಲ. ವೀರಭದ್ರಪ್ಪನವರು ಆ ನಾಲ್ಕು ಫೋಟೊಗಳನ್ನು ಹೊರತೆಗೆದು ಟೀಪಾಯಿಯ ಮೇಲೆ ಸಾಲಾಗಿ ಹರಡಿದರು. ಅಡುಗೆಮನೆಯ ಬಾಗಿಲ ಪರದೆಯ ಸಂದಿಯಿಂದ ನಾನು ಅವನ್ನು ಮೊಟ್ಟಮೊದಲು ನೋಡಿದ್ದು ಆಗ. ಅಲ್ಲಿಯವರೆಗೆ ನನಗೇ ಯಾರೂ ತೋರಿಸಿರಲಿಲ್ಲ. ಅಷ್ಟು ದೂರದಿಂದಲೂ ಆ ಬಣ್ಣ ಕಂಡಿತು. ಡಬ್ಬಿಯಲ್ಲಿ ಸಿಗದೆ, ಕಲಸಿದರೂ ಬಾರದೆ, ವರ್ಷಗಟ್ಟಲೆ ನನ್ನನ್ನು ಅಳಿಸಿದ ಬಣ್ಣ. ಬಂದುಬಿಟ್ಟಿತ್ತು. ಅದನ್ನೇ ನೋಡುತ್ತಾ ನಿಂತೆ, ಅಲ್ಲಿ ಏನು ಮಾತು ನಡೆಯುತ್ತಿದೆ ಎಂಬುದೇ ಸ್ವಲ್ಪ ಹೊತ್ತು ಕೇಳಲಿಲ್ಲ.

"ನಾನೂ ವ್ಯಾಪಾರಸ್ಥನೇ," ವೀರಭದ್ರಪ್ಪನವರು ಹೇಳುತ್ತಿದ್ದರು. "ಇಂಥ ಫೋಟೊ ಯಾಕ ಕಳಿಸ್ತಾರೆ ಅಂತ ನನಗೆ ಗೊತ್ತಿಲ್ಲೇನು? ಹಣ್ಣು ಸರಿ ಇಲ್ದಿದ್ರೆ ಅವತ್ತೇ ಬಾಯಿಬಿಟ್ಟು ಹೇಳಬೌದಿತ್ತು."

ಮಾವ ತಯಾರಿ ಮಾಡಿಕೊಂಡದ್ದನ್ನು ಚೆನ್ನಾಗಿಯೇ ಹೇಳಿದ. ಲ್ಯಾಬು, ಅವಸರ, ಸಾಲು ಮದುವೆ, ಯಾರದೋ ಲಾರಿ ಮಾಲು. ಗಲ್ಲ ಗಲ್ಲ ಬಡಿದುಕೊಂಡ. ವೀರಭದ್ರಪ್ಪನವರ ಮುಖ ಮೆಲ್ಲಗೆ ಸಡಿಲವಾಯಿತು.

"ಹಂಗೋ! ನಾನೂ ಅಂದೆ, ನೀವು ಅಂಥೋರಲ್ಲ ಅಂತ."

ಶಾಂತಮ್ಮನವರು ಮೊದಲ ಬಾರಿಗೆ ನೀರಿನ ಲೋಟ ಎತ್ತಿದರು. ಅವ್ವ ಉಪ್ಪಿಟ್ಟು ಹಾಕಲು ತಟ್ಟೆ ತೆಗೆದಳು. ಪಕ್ಕದಲ್ಲಿ ನಿಂತಿದ್ದ ಅಕ್ಕ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಮುಗಿದಿತ್ತು, ಎಲ್ಲ ಸುಸೂತ್ರ ಮುಗಿದಿತ್ತು. ಅಷ್ಟರಲ್ಲಿ ಮಾವ, ಗೆದ್ದ ಹುರುಪಿನಲ್ಲಿ, ಒಂದು ಮಾತು ಜಾಸ್ತಿ ಆಡಿದ.

"ಯಾರ್ದೋ ಕಸ. ಇದನ್ನ ತೆಗೆದೋನಿಗೆ ಕಣ್ಣಿತ್ತೋ ಇಲ್ಲೋ!"

"ಕಸ ಮನ್ಯಾಗ ಯಾಕ," ಎಂದು ಅಪ್ಪ ನಾಲ್ಕನ್ನೂ ಒಟ್ಟು ಮಾಡಿ, ಎರಡೂ ಕೈಯಲ್ಲಿ ಹಿಡಿದು ಹರಿಯಲು ಹೋದ.

ನಾನು ಹೊರಗೆ ಬಂದಿದ್ದೆ. ಹೇಗೆ ಬಂದೆ ಎಂದು ಗೊತ್ತಿಲ್ಲ, ಅಕ್ಕನ ಕೈ ತಪ್ಪಿಸಿದ್ದು ಮಾತ್ರ ನೆನಪಿದೆ.

"ಹರೀಬ್ಯಾಡಪ್ಪ. ಅವು ನನ್ನವು. ನಾನೇ ತೆಗೆದಿದ್ದು."

ಅಪ್ಪನ ಕೈ ಹಾಗೇ ನಿಂತಿತು. ಮಾವ ಕಣ್ಣಲ್ಲೇ ಬೇಡಿಕೊಂಡ. ವೀರಭದ್ರಪ್ಪನವರು ಅಪ್ಪನನ್ನೂ ಮಾವನನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ, "ಹಂಗಾದ್ರೆ ಲ್ಯಾಬು ಗೀಬು ಅಂದಿದ್ದು?" ಎಂದರು. ಶಾಂತಮ್ಮನವರು ನನ್ನನ್ನು ಹತ್ತಿರ ಕರೆದರು. ಅವರ ದನಿ ತಣ್ಣಗಿತ್ತು, ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಇದು ನಾನು ತುಂಬಿದ ಉಡಿ ಹಣ್ಣೇ ಅಲ್ಲೇನು?"

"ಹೌದ್ರಿ ಅತ್ತಿ."

"ಕೆಟ್ಟಿತ್ತೇನು ನಾವು ತಂದಿದ್ದು?"

"ಇಲ್ರಿ. ಚಲೋ ಇತ್ತು. ನಾನೇ ಇಟ್ಟು ಕೆಡಿಸಿದೆ."

"ನಾವು ಕೊಟ್ಟಿದ್ದು ತಿನ್ನಾಕೆ."

"ನಾಲ್ಕು ತಿಂದೀವ್ರಿ. ಒಂದನ್ನ ನೋಡಿದೆ."

"ಇದ್ರಾಗ ನೋಡೋದು ಏನೈತೆ? ನನ್ನ ಮಗನ ಲಗ್ನದ ಹಣ್ಣು ಕೊಳೆಯೋದು ಚಂದ ಕಾಣ್ತೇನು ನಿನಗೆ?"

ಇಲ್ಲ ಅನ್ನಬಹುದಿತ್ತು. ತಪ್ಪಾಯಿತು ಅನ್ನಬಹುದಿತ್ತು. ಅಪ್ಪ, ಅವ್ವ, ಮಾವ, ಅಕ್ಕ ಎಲ್ಲರೂ ಆ ಎರಡರಲ್ಲಿ ಒಂದಕ್ಕಾಗಿ ಕಾಯುತ್ತಿದ್ದರು. ಇವತ್ತು ಯಾರಾದರೂ ಹದಿನೈದರ ಹುಡುಗಿಗೆ ಅಷ್ಟು ಸೊಕ್ಕು ಯಾಕೆ ಎಂದು ಕೇಳಿದರೆ ನಾನು ವಾದ ಮಾಡುವುದಿಲ್ಲ. ಸೊಕ್ಕೇ ಇರಬಹುದು. ಆದರೆ ಚಂದ ಇಲ್ಲ ಎಂದು ನನ್ನ ಬಾಯಿಂದ ಬರುವುದು ಸಾಧ್ಯವೇ ಇರಲಿಲ್ಲ.

"ಕಾಣ್ತೈತ್ರಿ ಅತ್ತಿ. ಚಂದ ಐತೆ. ನೀವೂ ನೋಡ್ರಿ," ಎಂದು ಅಪ್ಪನ ಕೈಯಿಂದ ಫೋಟೊಗಳನ್ನು ಬಿಡಿಸಿಕೊಂಡು ಅವರ ಮುಂದೆ ಹಿಡಿದೆ. "ಈ ನೀಲಿ ನೋಡ್ರಿ, ಎಲ್ಲೂ ಸಿಗಲ್ಲ ಇದು. ಇಲ್ಲಿ ಕುಸಿದೈತೆ, ಇಲ್ಲಿ ರಸ ಹರಿದೈತೆ. ನೀವು ಹಚ್ಚಿದ ಬೊಟ್ಟು ಹಂಗೇ ಐತೆ. ಇದು ದೂರಲ್ರಿ. ಚಿತ್ರ."

ಹಿಡಿದ ಕೈ ಇಳಿಸಲಿಲ್ಲ. ಶಾಂತಮ್ಮನವರು ಕನ್ನಡಕ ಹಾಕಿಕೊಂಡು ಕೊನೆಯ ಫೋಟೊವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪರದೆಯ ಹತ್ತಿರ ನಿಂತಿದ್ದ ಅಕ್ಕನ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತೇನಮ್ಮ?"

"ಗೊತ್ತಿರಲಿಲ್ರಿ," ಅಕ್ಕ ಅಂದಳು. "ಆದ್ರೆ ಹಣ್ಣು ನಾನೇ ಕೊಟ್ಟಿದ್ದು. ಇವಳಿಗೆ ಹುಚ್ಚು ಐತ್ರಿ, ಕೆಟ್ಟತನ ಇಲ್ಲ. ತಪ್ಪಾತು ಅನ್ನು ಅಂತ ನಾನು ಇವಳಿಗೆ ಹೇಳಲ್ರಿ."

ನನ್ನ ಮೇಲಿನ ಸಿಟ್ಟು ಅವಳಿಗೆ ಇಳಿದಿರಲಿಲ್ಲ, ಇನ್ನೂ ಒಂದು ವರ್ಷ ಇಳಿಯಲಿಲ್ಲ. ಅಷ್ಟು ಸಿಟ್ಟಿನಲ್ಲೂ, ತನ್ನ ಮದುವೆಯನ್ನು ಎದುರಿಗೆ ಇಟ್ಟುಕೊಂಡು, ಆ ಮಾತು ಆಡಿದಳು. ನನ್ನ ಅಕ್ಕ ಎಂಥವಳು ಎಂದು ಯಾರಾದರೂ ಕೇಳಿದರೆ ನಾನು ಇದೊಂದನ್ನೇ ಹೇಳುತ್ತೇನೆ.

ವೀರಭದ್ರಪ್ಪನವರು ಹೆಂಡತಿಯ ಮುಖ ನೋಡಿದರು. ಶಾಂತಮ್ಮನವರು ಫೋಟೊ ಕೆಳಗಿಟ್ಟು, "ಬೊಟ್ಟು ಅಳಿಸಿಲ್ಲ," ಎಂದು ತಮಗೆ ತಾವೇ ಅನ್ನುವಂತೆ ಅಂದರು. ಅದನ್ನು ಅವರು ಒಳ್ಳೆಯ ಶಕುನ ಎಂದು ಹಿಡಿದರು. ನಾನು ಶಕುನಕ್ಕಾಗಿ ತೆಗೆದಿರಲಿಲ್ಲ, ಅದನ್ನು ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅಕ್ಕನ ಮುಖ ನೋಡಿ ಅದೊಂದನ್ನು ನುಂಗಿಕೊಂಡೆ.

"ಲಗ್ನ ಏನೂ ನಿಲ್ಲಲ್ಲ," ಅಂದರು ಶಾಂತಮ್ಮನವರು. "ಆದ್ರೆ ಲ್ಯಾಬು ಅಂತ ಕಥೆ ಕಟ್ಟಿದ್ರಲ್ಲ ಬೀಗರೆ, ಅದು ನನಗೆ ಸರಿ ಬರಲಿಲ್ಲ. ಮತ್ತೆ ಈ ಹುಡುಗಿ ಕೈಯಾಗ ಲಗ್ನದ ದಿನ ಕ್ಯಾಮೆರಾ ಕಾಣಬಾರದು."

"ಲಗ್ನದಾಗ ಹಿಡಿಯಲ್ರಿ ಅತ್ತಿ," ಅಂದೆ. "ಮನ್ಯಾಗ ಹಿಡೀತೀನಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀಗರು ಉಪ್ಪಿಟ್ಟು ತಿನ್ನದೆ, ಬರೀ ಚಹಾ ಕುಡಿದು, ಅಲ್ಬಮ್ ತೆಗೆದುಕೊಂಡು ಹೊರಟರು. ನಾಲ್ಕು ಫೋಟೊ ಟೀಪಾಯಿಯ ಮೇಲೆ ಉಳಿದವು. ಅವರನ್ನು ಬಸ್ ಹತ್ತಿಸಲು ಮಾವನೂ ಹೋದ. ಹೋಗುವಾಗ ನನ್ನ ಕಡೆ ನೋಡಲಿಲ್ಲ. ಅವನ ಕೊನೆಯ ಎರಡು ಮೂರು ಫೋಟೊಗಳು ನನಗೆ ಇನ್ನು ಸಿಗುವುದಿಲ್ಲ ಎಂದು ಅವನ ಬೆನ್ನು ನೋಡಿಯೇ ಗೊತ್ತಾಯಿತು. ಸಿಗಲೂ ಇಲ್ಲ.

ಬಾಗಿಲು ಹಾಕಿದ ಮೇಲೆ ಅಪ್ಪ ನನ್ನ ಎದುರು ಬಂದು ನಿಂತ. ಹೊಡೆತಕ್ಕೆ ನಾನು ಸಿದ್ಧಳಾಗಿದ್ದೆ, ಹಲ್ಲು ಕಚ್ಚಿ ಕಣ್ಣು ಬಿಟ್ಟುಕೊಂಡೇ ನಿಂತಿದ್ದೆ.

"ಮೂವತ್ತು ವರ್ಷ ಮಂಡ್ಯಾಗ ಕೂತೀನಿ. ನನಗೆ ಎದುರಿಗೆ ನಿಂತು ಸುಳ್ಳುಗಾರ ಅಂದೋರು ಒಬ್ರಿಲ್ಲ. ಇವತ್ತು ನನ್ನ ಮಗಳು ಅನಿಸಿದ್ಲು."

"ನಾನು ನಿನಗೆ ಅನ್ನಲಿಲ್ಲಪ್ಪ. ನನ್ನವು ಅಂದೆ, ಅಷ್ಟೆ."

ಅಪ್ಪ ಬಗ್ಗಿ ಫೋಟೊಗಳನ್ನು ಎತ್ತಿಕೊಂಡ. ಕಿಟಕಿಯ ಹತ್ತಿರ ಹೋಗಿ, ಮಂಡಿಯಲ್ಲಿ ಮಾಲು ನೋಡುವ ಹಾಗೆ ಒಂದೊಂದನ್ನೂ ಬೆಳಕಿಗೆ ಹಿಡಿದ. ಆರು ದಿನ, ಒಂಬತ್ತು ದಿನ, ಹನ್ನೆರಡು ದಿನ ಎಂದು ಗೊಣಗಿದ. ಮೂರೂ ಸರಿಯಾಗಿದ್ದವು. ನಾಲ್ಕನೆಯದರ ದಿನ ಎಣಿಸಲು ಅವನಿಗೆ ಬರಲಿಲ್ಲ. ಅಷ್ಟು ದಿನ ಯಾವ ಹಣ್ಣನ್ನೂ ಅವನು ಇಟ್ಟುಕೊಂಡು ನೋಡಿರಲಿಲ್ಲ. ತಿರುಗಿ ಬಂದು ಜೇಬಿನಿಂದ ಬಾಲ್ ಪೆನ್ನು ತೆಗೆದು ಫೋಟೊಗಳ ಮೇಲೆ ಎಸೆದ.

"ನಿನ್ನ ಹೆಸ್ರು ಬರಿ ಇದಕ್ಕೆ. ಹಿಂದ್ಗಡೆ ಬರಿ. ನಾಳೆ ಯಾರಾರ ನೋಡಿ ನನ್ನ ಅಂಗಡಿ ಮಾಲು ಅನ್ನಬಾರದು."

ನಾನು ನೆಲಕ್ಕೆ ಕೂತು ಮೊದಲನೆಯದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹಿಂದೆ ಬರೆಯಲಿಲ್ಲ. ಮುಂದೆ, ಹಣ್ಣಿನ ಕೆಳಗೆ, ನೋಡಿದವರಿಗೆಲ್ಲ ಕಾಣುವ ಕಡೆ ಬರೆಯಲು ಹೋದೆ. ನುಣುಪು ಕಾಗದದ ಮೇಲೆ ಪೆನ್ನು ಜಾರಿತು, ಶಾಯಿ ಹಿಡಿಯಲಿಲ್ಲ. ಅಪ್ಪ ನೋಡುತ್ತಾ ನಿಂತಿದ್ದ. ಶಶಿಕಲಾ ಎಂದು ಮೂಡುವವರೆಗೆ ಒತ್ತಿ ಒತ್ತಿ ಬರೆದೆ, ನಾಲ್ಕಕ್ಕೂ.